ಹ್ಯಾರಿ ಹಾಪ್‌ಮನ್

ಟೆನಿಸ್ ಮೂಲತಃ ಒಬ್ಬಂಟಿಗನ ಆಟ. ಕ್ರಿಕೆಟ್, ಹಾಕಿ, ಕಬಡ್ಡಿ ಮುಂತಾದ ಆಟಗಳಲ್ಲಿ ಒಬ್ಬನು ಎಡವಿದರೆ ಮತ್ತೊಬ್ಬನು ತಂಡವನ್ನು ದಡ ಸೇರಿಸಬಲ್ಲನು. ಟೆನಿಸ್ ಅಂಗಣದಲ್ಲಿ ನಿಂತವನಿಗೆ ಅಂತಹ ಆಸರೆಯಿಲ್ಲ. ಗೆದ್ದರೆ ಕೀರ್ತಿಯೆಲ್ಲ ಅವನದು. ಸೋತರೆ ಸೋಲಿನ ಭಾರವೂ ಅವನೊಬ್ಬನದೇ. ಇಂತಹ ಆಟದಲ್ಲಿ ಒಂದು ತಂಡವನ್ನು ಕಟ್ಟಿ, ಕಟ್ಟಿದ ತಂಡ ಒಡೆದುಹೋದಾಗಲೆಲ್ಲ ಮತ್ತೆ ಹೊಸದನ್ನು ಕಟ್ಟಿ, ಸುಮಾರು ಎರಡು ದಶಕಗಳ ಕಾಲ ತನ್ನ ದೇಶವನ್ನು ಜಗತ್ತಿನ ಮುಂಚೂಣಿಯಲ್ಲಿ ನಿಲ್ಲಿಸಿದವನು ಆಸ್ಟ್ರೇಲಿಯಾದ ಹ್ಯಾರಿ ಹಾಪ್‌ಮನ್. ಒಬ್ಬ ಪುರುಷ ಹಾಗೂ ಒಬ್ಬ ಮಹಿಳೆ ಒಂದೇ ತಂಡವಾಗಿ ನಿಂತು ತಮ್ಮ ದೇಶಕ್ಕಾಗಿ ಆಡುವ ಅಂತರರಾಷ್ಟ್ರೀಯ ಟೆನಿಸ್ ಪಂದ್ಯಾವಳಿಯೊಂದು ಅವನ ಹೆಸರನ್ನು ಹೊತ್ತಿದೆ.

ಹೆನ್ರಿ ಕ್ರಿಶ್ಚಿಯನ್ ಹಾಪ್‌ಮನ್ 1906ರ ಆಗಸ್ಟ್ 12ರಂದು ಸಿಡ್ನಿ ನಗರದ ಗ್ಲೀಬ್ ಎಂಬ ಭಾಗದಲ್ಲಿ ಜನಿಸಿದನು. ತಂದೆ ಶಾಲಾ ಉಪಾಧ್ಯಾಯ. ಮುಂದೆ ಅವನು ಪ್ಯಾರಮಟ್ಟ ಪಟ್ಟಣದ ಸಮೀಪದ ರೋಸ್‌ಹಿಲ್ ಶಾಲೆಯ ಮುಖ್ಯೋಪಾಧ್ಯಾಯನಾದನು. ಆ ಶಾಲೆಯ ಆಟದ ಬಯಲಿನಲ್ಲಿ ಒಂದು ಟೆನಿಸ್ ಅಂಗಣವಿತ್ತು. ಹ್ಯಾರಿ ತನ್ನ ಹದಿಮೂರನೆಯ ವಯಸ್ಸಿನಲ್ಲಿ ರ‍್ಯಾಕೆಟ್ ಹಿಡಿದದ್ದು ಅಲ್ಲಿಯೇ. ಅದೇ ಅಂಗಣದಲ್ಲಿ ನಡೆದ ಒಂದು ಪಂದ್ಯಾವಳಿಯಲ್ಲಿ ಆ ಹುಡುಗನು ಬರಿಗಾಲಿನಲ್ಲಿ ಆಡಿ ಗೆದ್ದನು. ಪ್ಯಾರಮಟ್ಟದ ಪ್ರೌಢಶಾಲೆಯಲ್ಲಿ ಓದುತ್ತಿದ್ದಾಗ ಕ್ರಿಕೆಟ್ಟನ್ನೂ ಆಡಿದನು. ಆದರೆ ಅವನ ಮನಸ್ಸು ನೆಲೆನಿಂತದ್ದು ಟೆನಿಸ್ಸಿನಲ್ಲಿ.

ಆಟಗಾರನಾಗಿ ಹಾಪ್‌ಮನ್ ಸಾಮಾನ್ಯನಲ್ಲ. ಹಾಗೆಂದು ಮೊದಲ ಪಂಕ್ತಿಯ ವೀರನೂ ಅಲ್ಲ. 1928ರಲ್ಲಿ ಅವನು ಮೊದಲ ಬಾರಿಗೆ ಆಸ್ಟ್ರೇಲಿಯಾದ ಡೇವಿಸ್ ಕಪ್ ತಂಡದಲ್ಲಿ ಆಡಿದನು. 1929 ಮತ್ತು 1930ರಲ್ಲಿ ಜ್ಯಾಕ್ ಕ್ರಾಫರ್ಡನ ಜೊತೆಗೂಡಿ ತನ್ನ ದೇಶದ ಡಬಲ್ಸ್ ಪ್ರಶಸ್ತಿಯನ್ನು ಗಳಿಸಿದನು. ಸಿಂಗಲ್ಸ್‌ನಲ್ಲಿ ಮಾತ್ರ ಅದೃಷ್ಟ ಅವನ ಕೈಹಿಡಿಯಲಿಲ್ಲ. 1930, 1931 ಮತ್ತು 1932, ಹೀಗೆ ಮೂರು ವರ್ಷ ಒಂದೇ ಸಮನೆ ಆಸ್ಟ್ರೇಲಿಯನ್ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯವನ್ನು ತಲಪಿ ಮೂರು ಬಾರಿಯೂ ಸೋತನು. ಕೊನೆಯ ಎರಡು ಸಲ ಅವನನ್ನು ಸೋಲಿಸಿದವನು ಡಬಲ್ಸ್‌ನಲ್ಲಿ ಅವನ ಜೊತೆಗಾರನಾಗಿದ್ದ ಕ್ರಾಫರ್ಡನೇ. ಹಾಪ್‌ಮನ್ ಮೈಕಟ್ಟಿನಲ್ಲಿ ಸಣ್ಣವನು. ದೈತ್ಯಶಕ್ತಿಯ ಹೊಡೆತಗಳು ಅವನಲ್ಲಿರಲಿಲ್ಲ. ಎದುರಾಳಿಯ ಬಲವೆಲ್ಲಿದೆ, ದೌರ್ಬಲ್ಯವೆಲ್ಲಿದೆ ಎಂಬುದನ್ನು ಅರಿಯುವ ತೀಕ್ಷ್ಣವಾದ ಕಣ್ಣು ಮಾತ್ರ ಇತ್ತು. ಆ ಕಣ್ಣಿನ ಬೆಲೆ ಮುಂದೆ ತಿಳಿಯಿತು.

ಇಬ್ಬರಾಗಿ ಆಡುವ ಆಟದಲ್ಲಿ ಅವನ ಕಳೆಯೇ ಬೇರೆ. ಎಲೀನರ್ ಹಾಲ್ ಎಂಬ ಆಟಗಾರ್ತಿಯ ಜೊತೆಯಲ್ಲಿ 1930ರಲ್ಲಿ ಅವನು ಆಸ್ಟ್ರೇಲಿಯಾದ ಮಿಶ್ರ ಡಬಲ್ಸ್ ಪ್ರಶಸ್ತಿಯನ್ನು ಗೆದ್ದನು. ನೆಲ್ ಎಂದು ಎಲ್ಲರೂ ಕರೆಯುತ್ತಿದ್ದ ಆಕೆಯನ್ನೇ 1934ರ ಮಾರ್ಚ್ ತಿಂಗಳಿನಲ್ಲಿ ವಿವಾಹವಾದನು. ಈ ದಂಪತಿಗಳು 1936, 1937 ಮತ್ತು 1939ರಲ್ಲಿ ಅದೇ ಪ್ರಶಸ್ತಿಯನ್ನು ಮತ್ತೆ ಮತ್ತೆ ಗೆದ್ದುಕೊಂಡರು. 1935ರಲ್ಲಿ ಇಂಗ್ಲೆಂಡಿನ ವಿಂಬಲ್ಡನ್ನಿನಲ್ಲಿ ಮಿಶ್ರ ಡಬಲ್ಸ್ ಅಂತಿಮ ಪಂದ್ಯವನ್ನೂ ತಲಪಿದರು. ಫ್ರೆಡ್ ಪೆರಿ ಮತ್ತು ಡೊರೊತಿ ರೌಂಡ್ ಜೋಡಿಯ ಎದುರು ಅವರು ಸೋತರೂ ಮೂರು ಸೆಟ್ಟುಗಳವರೆಗೆ ಹೋರಾಡಿಯೇ ಸೋತರು.

ನೆಲ್ ಕೇವಲ ಗಂಡನ ನೆರಳಿನಲ್ಲಿ ನಿಂತವಳಲ್ಲ. ಅಮೆರಿಕದ ಎಳೆಯ ಆಟಗಾರ್ತಿ ಮೊರೀನ್ ಕಾನಲಿ 1953ರಲ್ಲಿ ಜಗತ್ತಿನ ನಾಲ್ಕು ಹಿರಿಯ ಪಂದ್ಯಾವಳಿಗಳನ್ನೂ ಒಂದೇ ವರ್ಷದಲ್ಲಿ ಗೆದ್ದಾಗ ಅವಳ ಬೆನ್ನಿಗಿದ್ದು ಮಾರ್ಗದರ್ಶನ ಮಾಡಿದವಳು ನೆಲ್. ಮರುವರ್ಷ ಫ್ರಾನ್ಸಿನಲ್ಲಿ ಕಾನಲಿಯ ಜೊತೆಗೂಡಿ ಮಹಿಳೆಯರ ಡಬಲ್ಸ್ ಪ್ರಶಸ್ತಿಯನ್ನು ಗೆದ್ದಾಗ ಆಕೆಗೆ 45 ವರ್ಷ. ಪುರುಷರಿಗೆ ಡೇವಿಸ್ ಕಪ್ ಇರುವಂತೆ ಮಹಿಳೆಯರಿಗೂ ರಾಷ್ಟ್ರಗಳ ನಡುವಣ ತಂಡಸ್ಪರ್ಧೆಯೊಂದು ಬೇಕೆಂದು ಶ್ರಮಿಸಿದವರಲ್ಲಿ ಆಕೆಯೂ ಒಬ್ಬಳು. 1963ರಲ್ಲಿ ಆರಂಭವಾದ ಫೆಡರೇಷನ್ ಕಪ್ ಆ ಶ್ರಮದ ಫಲ.

ಡೇವಿಸ್ ಕಪ್ ಸ್ಪರ್ಧೆಯ ವಿಚಾರವನ್ನು ಇಲ್ಲಿ ಸ್ವಲ್ಪ ತಿಳಿಯುವುದು ಅಗತ್ಯ. ಅಮೆರಿಕದ ಡ್ವೈಟ್ ಡೇವಿಸ್ ಎಂಬ ಯುವಕನು ಕೊಟ್ಟ ಬೆಳ್ಳಿಯ ಬೋಗುಣಿಗಾಗಿ 1900ರಲ್ಲಿ ಈ ಸ್ಪರ್ಧೆ ಆರಂಭವಾಯಿತು. ಎರಡು ದೇಶಗಳ ನಡುವೆ ನಾಲ್ಕು ಸಿಂಗಲ್ಸ್, ಒಂದು ಡಬಲ್ಸ್, ಒಟ್ಟು ಐದು ಪಂದ್ಯಗಳು ನಡೆಯುತ್ತಿದ್ದವು. ಹಿಂದಿನ ವರ್ಷ ಗೆದ್ದ ದೇಶ ಉಳಿದ ಸುತ್ತುಗಳಲ್ಲಿ ಆಡಬೇಕಾಗಿರಲಿಲ್ಲ. ಮಿಕ್ಕವರೆಲ್ಲರನ್ನೂ ಸೋಲಿಸಿ ಬಂದ ದೇಶವನ್ನು ಸವಾಲಿನ ಸುತ್ತು ಎಂಬ ಅಂತಿಮ ಸೆಣಸಿನಲ್ಲಿ ಎದುರಿಸಿದರೆ ಸಾಕಾಗಿತ್ತು. ಇತರ ಪಂದ್ಯಾವಳಿಗಳಲ್ಲಿ ಆಟಗಾರನಿಗೆ ಆಟದ ನಡುವೆ ಯಾರೂ ಸಲಹೆ ಕೊಡುವಂತಿರಲಿಲ್ಲ. ಡೇವಿಸ್ ಕಪ್ಪಿನಲ್ಲಿ ಮಾತ್ರ ತಂಡದ ನಾಯಕನು ಅಂಗಣದ ಅಂಚಿನಲ್ಲಿಯೇ ಕುಳಿತು, ಆಟಗಾರರು ಬದಿ ಬದಲಿಸುವ ಅಲ್ಪ ಬಿಡುವಿನಲ್ಲಿ ಮಾತನಾಡಬಹುದಾಗಿತ್ತು. ಹಾಪ್‌ಮನ್ನನ ಬಾಳಿನ ಮುಖ್ಯ ಕಾರ್ಯ ನಡೆದದ್ದು ಆ ಕುರ್ಚಿಯಲ್ಲಿ.

ಅವನು ಮೊದಲು ನಾಯಕನಾದದ್ದು 1938ರಲ್ಲಿ. ಆ ವರ್ಷ ಆಸ್ಟ್ರೇಲಿಯಾ ಅಮೆರಿಕಕ್ಕೆ ಸೋತಿತು. 1939ರ ಸೆಪ್ಟೆಂಬರ್ ಮೊದಲ ವಾರ ಅಮೆರಿಕದ ಫಿಲಡೆಲ್ಫಿಯ ನಗರದ ಹತ್ತಿರ ಅದೇ ಎರಡು ದೇಶಗಳು ಮತ್ತೆ ಎದುರುಬದುರಾದವು. ಮೊದಲ ದಿನವೇ ಆಸ್ಟ್ರೇಲಿಯಾದ ಜಾನ್ ಬ್ರಾಮ್‌ವಿಚ್ ಮತ್ತು ಏಡ್ರಿಯನ್ ಕ್ವಿಸ್ಟ್ ಇಬ್ಬರೂ ಸೋತರು. ಮರುದಿನ, ಅಂದರೆ ಸೆಪ್ಟೆಂಬರ್ 3ರಂದು, ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಆಸ್ಟ್ರೇಲಿಯಾವೂ ಯುದ್ಧಕ್ಕೆ ಇಳಿಯಿತು. ದೂರದ ನಾಡಿನಲ್ಲಿದ್ದ ಆ ಯುವಕರ ಮನಃಸ್ಥಿತಿ ಹೇಗಿದ್ದಿರಬಹುದೆಂಬುದನ್ನು ಊಹಿಸಬಹುದು. ಆದರೂ ಅವರು ಡಬಲ್ಸ್ ಪಂದ್ಯವನ್ನು ಗೆದ್ದರು. ಬಳಿಕ ಕ್ವಿಸ್ಟ್ ಐದು ಸೆಟ್ಟುಗಳ ಹೋರಾಟದಲ್ಲಿ ಬಾಬಿ ರಿಗ್ಸ್‌ನನ್ನು ಮಣಿಸಿದನು. ಕೊನೆಯದಾಗಿ ಬ್ರಾಮ್‌ವಿಚ್ ಫ್ರಾಂಕ್ ಪಾರ್ಕರನನ್ನು ಸೋಲಿಸಿದನು. 0–2ರಿಂದ ಹಿಂದೆ ಬಿದ್ದಿದ್ದ ತಂಡ 3–2ರಿಂದ ಗೆದ್ದಿತು. ಆ ಡಬಲ್ಸ್‌ನಲ್ಲಿ ಅಮೆರಿಕದ ಪರವಾಗಿ ಆಡಿ ಸೋತವರಲ್ಲಿ 18 ವರ್ಷದ ಜ್ಯಾಕ್ ಕ್ರೇಮರ್ ಒಬ್ಬನು. ಈ ಹೆಸರು ಹಾಪ್‌ಮನ್ನನ ಕಥೆಯಲ್ಲಿ ಮತ್ತೊಮ್ಮೆ ಬರುತ್ತದೆ.

ಯುದ್ಧದ ವರ್ಷಗಳಲ್ಲಿ ಸ್ಪರ್ಧೆ ನಿಂತುಹೋಯಿತು. ಅದು ಮುಗಿದ ಮೇಲೆ 1946ರಿಂದ 1949ರವರೆಗೆ ನಾಲ್ಕು ವರ್ಷವೂ ಅಮೆರಿಕ ಗೆದ್ದಿತು. ಆಗ ತಂಡದ ನಾಯಕತ್ವ ಹಾಪ್‌ಮನ್ನನ ಕೈಯಲ್ಲಿರಲಿಲ್ಲ. ಅವನು 1933ರಿಂದಲೇ ಮೆಲ್ಬರ್ನ್ ನಗರದ ಹೆರಲ್ಡ್ ಪತ್ರಿಕೆಯಲ್ಲಿ ಕ್ರೀಡಾ ಬರೆಹಗಾರನಾಗಿದ್ದನು. ಟೆನಿಸ್ ಅವನ ಜೀವವಾದರೂ ಹೊಟ್ಟೆಪಾಡು ನಡೆದದ್ದು ಲೇಖನಿಯಿಂದ. 1950ರಲ್ಲಿ ನಾಯಕತ್ವ ಮತ್ತೆ ಅವನಿಗೆ ದೊರೆಯಿತು. ಆ ವರ್ಷ ಫ್ರಾಂಕ್ ಸೆಜ್‌ಮನ್‌ನ ಜೊತೆಗೆ ಅಷ್ಟಾಗಿ ಹೆಸರು ಮಾಡಿರದ ಕೆನ್ ಮ್ಯಾಕ್‌ಗ್ರೆಗರ್ ಎಂಬ ಎತ್ತರದ ಯುವಕನು ಸಿಂಗಲ್ಸ್‌ಗೆ ಇಳಿದನು. ನ್ಯೂಯಾರ್ಕಿನ ಅಂಗಣದಲ್ಲಿ ಅವನು ಅಮೆರಿಕದ ಹೆಸರಾಂತ ಟೆಡ್ ಶ್ರೋಡರನನ್ನು ಸೋಲಿಸಿಬಿಟ್ಟನು. ಬೆಳ್ಳಿಯ ಬೋಗುಣಿ ಆಸ್ಟ್ರೇಲಿಯಾಕ್ಕೆ ಮರಳಿತು. ಮರುವರ್ಷ ಹಾಪ್‌ಮನ್ನನಿಗೆ ಬ್ರಿಟಿಷ್ ಸರ್ಕಾರದ ಸಿ.ಬಿ.ಇ. ಗೌರವ ಸಂದಿತು.

ಅವನ ಶಿಕ್ಷಣಕ್ರಮ ಕಠಿಣವಾದುದು. ಹೊಡೆತಗಳನ್ನು ಕಲಿಸುವುದಕ್ಕಿಂತ ದೇಹವನ್ನು ಹದಗೊಳಿಸುವುದಕ್ಕೆ ಅವನು ಹೆಚ್ಚಿನ ಗಮನ ಕೊಟ್ಟನು. ಟೆನಿಸ್ ಆಟಗಾರರು ಮೈಲುಗಟ್ಟಲೆ ಓಡುವುದು, ವ್ಯಾಯಾಮಶಾಲೆಯಲ್ಲಿ ಭಾರ ಎತ್ತುವುದು ಆ ಕಾಲದಲ್ಲಿ ವಾಡಿಕೆಯಲ್ಲ. ಹಾಪ್‌ಮನ್ ಅದನ್ನು ವಾಡಿಕೆಗೆ ತಂದನು. ಅಂಗಣದಲ್ಲಿ ಒಬ್ಬನನ್ನು ಒಂದು ಬದಿಯಲ್ಲಿ ನಿಲ್ಲಿಸಿ, ಎದುರು ಬದಿಯಲ್ಲಿ ಇಬ್ಬರನ್ನು ನಿಲ್ಲಿಸುತ್ತಿದ್ದನು. ಇಬ್ಬರು ಹೊಡೆದ ಚೆಂಡುಗಳನ್ನು ಒಬ್ಬನೇ ಎಡಕ್ಕೂ ಬಲಕ್ಕೂ ಓಡಿ ಹಿಂದಿರುಗಿಸಬೇಕು. ಉಸಿರು ಕಟ್ಟಿದರೂ ಬಿಡುವಿಲ್ಲ. ಇಂತಹ ಅಭ್ಯಾಸದಲ್ಲಿ ಪಳಗಿದವನಿಗೆ ನಿಜವಾದ ಪಂದ್ಯದ ಐದನೆಯ ಸೆಟ್ಟು ಭಯ ಹುಟ್ಟಿಸುತ್ತಿರಲಿಲ್ಲ. ತರುಣರೊಂದಿಗೆ ತಾನೂ ಓಡುತ್ತಿದ್ದನೆಂಬುದು ಅವನ ಹಿರಿಮೆ. ಸಮಯಕ್ಕೆ ಬಾರದವನಿಗೂ ನಡೆನುಡಿಯಲ್ಲಿ ಹದ ತಪ್ಪಿದವನಿಗೂ ದಂಡ ವಿಧಿಸುತ್ತಿದ್ದನು. ಕೆಲವರಿಗೆ ಇದು ಅತಿಯೆನಿಸಿತು. ಬೆಳೆದ ಯುವಕರನ್ನು ಶಾಲೆಯ ಮಕ್ಕಳಂತೆ ನಡೆಸಿಕೊಳ್ಳುತ್ತಾನೆಂಬ ಆಕ್ಷೇಪ ಪೂರ್ತಿ ಸುಳ್ಳೆಂದು ತಳ್ಳಿಹಾಕುವಂತಿಲ್ಲ.

ಆದರೆ ಅವನ ಬಿಗಿಯಲ್ಲಿ ವಿನೋದವೂ ಬೆರೆತಿತ್ತು. ಕ್ವೀನ್ಸ್‌ಲೆಂಡ್ ಪ್ರಾಂತದ ರಾಕ್‌ಹ್ಯಾಂಪ್ಟನ್ನಿನ ಕಡೆಯಿಂದ ಸಣಕಲು ಹುಡುಗನೊಬ್ಬನು ಅವನ ಶಿಬಿರಕ್ಕೆ ಬಂದನು. ಹುಡುಗನ ನಡಿಗೆಯಲ್ಲಾಗಲಿ ಓಟದಲ್ಲಾಗಲಿ ಚುರುಕಿರಲಿಲ್ಲ. ಹಾಪ್‌ಮನ್ ಹಾಸ್ಯಕ್ಕಾಗಿ ಅವನಿಗೆ ರಾಕೆಟ್ ಎಂದು ಅಡ್ಡಹೆಸರಿಟ್ಟನು. ಆ ಹುಡುಗನೇ ರಾಡ್ ಲೇವರ್. 1962ರಲ್ಲಿಯೂ 1969ರಲ್ಲಿಯೂ ಜಗತ್ತಿನ ನಾಲ್ಕು ಹಿರಿಯ ಸಿಂಗಲ್ಸ್ ಪ್ರಶಸ್ತಿಗಳನ್ನು ಒಂದೇ ವರ್ಷದಲ್ಲಿ ಗೆದ್ದು, ಹಾಸ್ಯದ ಹೆಸರನ್ನು ಅವನು ನಿಜವಾಗಿಸಿದನು.

ಹಾಪ್‌ಮನ್ನನ ನಾಯಕತ್ವದ ನಿಜವಾದ ಪರೀಕ್ಷೆ ನಡೆದದ್ದು 1953ರ ಡಿಸೆಂಬರ್ ಕೊನೆಯಲ್ಲಿ, ಮೆಲ್ಬರ್ನ್ ನಗರದ ಕೂಯಾಂಗ್ ಕ್ರೀಡಾಂಗಣದಲ್ಲಿ. ಹಿಂದಿನ ವರ್ಷದ ಗೆಲುವಿನ ಬಳಿಕ ಸೆಜ್‌ಮನ್ ಮತ್ತು ಮ್ಯಾಕ್‌ಗ್ರೆಗರ್ ಇಬ್ಬರೂ ತಂಡವನ್ನು ತೊರೆದಿದ್ದರು. ಅವರ ಸ್ಥಾನದಲ್ಲಿ ನಿಂತವರು ಲ್ಯೂ ಹೋಡ್ ಮತ್ತು ಕೆನ್ ರೋಸ್‌ವಾಲ್; ಇಬ್ಬರಿಗೂ 19 ವರ್ಷ. ಎದುರಿಗಿದ್ದವರು ಅಮೆರಿಕದ ಪಳಗಿದ ಆಟಗಾರರಾದ ಟೋನಿ ಟ್ರೇಬರ್ಟ್ ಮತ್ತು ವಿಕ್ ಸೇಕ್ಸಸ್. ಮೊದಲ ದಿನ ಎರಡು ದೇಶಗಳೂ ಒಂದೊಂದು ಪಂದ್ಯ ಗೆದ್ದವು. ಡಬಲ್ಸ್‌ನಲ್ಲಿ ರೋಸ್‌ವಾಲನನ್ನು ಬಿಟ್ಟು ರೆಕ್ಸ್ ಹಾರ್ಟ್‌ವಿಗ್‌ನನ್ನು ಆಡಿಸಲಾಯಿತು. ಆ ಜೋಡಿ ಸುಲಭವಾಗಿ ಸೋತಿತು. ಪಳಗಿದ ಜೋಡಿಯನ್ನು ಒಡೆದದ್ದಕ್ಕಾಗಿ ಟೀಕೆಗಳ ಸುರಿಮಳೆಯಾಯಿತು. ಇನ್ನೊಂದು ಪಂದ್ಯ ಸೋತರೆ ಕಪ್ ಕೈಬಿಟ್ಟಂತೆಯೇ.

ಮೂರನೆಯ ದಿನ ಹೋಡ್ ಟ್ರೇಬರ್ಟ್‌ನನ್ನು ಎದುರಿಸಿದನು. ಮಳೆಯ ಹನಿಗಳಿಂದ ಹುಲ್ಲಿನ ಅಂಗಣ ಜಾರುತ್ತಿತ್ತು. ಹೋಡ್ 13–11, 6–3ರಿಂದ ಮೊದಲ ಎರಡು ಸೆಟ್ಟುಗಳನ್ನು ಗೆದ್ದನು. ಟ್ರೇಬರ್ಟ್ ಮುಂದಿನ ಎರಡನ್ನು 6–2, 6–3ರಿಂದ ಗೆದ್ದು ಸಮ ಮಾಡಿದನು. ಐದನೆಯ ಸೆಟ್ಟಿನಲ್ಲಿ ಹೋಡ್ ಚೆಂಡಿನ ಬೆನ್ನಟ್ಟಿ ಓಡಿ, ಜಾರಿ, ಹುಲ್ಲಿನ ಮೇಲೆ ಬೋರಲು ಬಿದ್ದನು. ನೆರೆದಿದ್ದ ಜನಸ್ತೋಮ ಸ್ತಬ್ಧವಾಯಿತು. ಕುರ್ಚಿಯಲ್ಲಿದ್ದ ಹಾಪ್‌ಮನ್ ಎದ್ದುಬಂದು, ಬಿದ್ದವನ ತಲೆಯ ಮೇಲೆ ಒಂದು ಟವಲ್ ಎಸೆದು, ಅವನ ಒಡ್ಡುತನವನ್ನು ಗೇಲಿ ಮಾಡಿದನು. ಬಿದ್ದಲ್ಲಿಂದಲೇ ಹೋಡ್ ನಕ್ಕುಬಿಟ್ಟನು. ಬಿಗಿದುಕೊಂಡಿದ್ದ ಮೈ ಸಡಿಲವಾಯಿತು. ಹತ್ತೊಂಬತ್ತರ ಆ ಹುಡುಗನಿಗೆ ಆಗ ಬೇಕಾಗಿದ್ದುದು ಆಟದ ಉಪದೇಶವಲ್ಲ ಎಂಬುದನ್ನು ನಾಯಕನು ಅರಿತಿದ್ದನು. ಹೋಡ್ ಎದ್ದು ಆಡಿ, ಆ ಸೆಟ್ಟನ್ನು 7–5ರಿಂದ ಗೆದ್ದನು. ಮರುದಿನ ರೋಸ್‌ವಾಲ್ ಸೇಕ್ಸಸ್‌ನನ್ನು ಸೋಲಿಸಿದನು. ಹಿಂದಿನ ದಿನಗಳಲ್ಲಿ ಟೀಕಿಸಿದವರೇ ಆ ಸಂಜೆ ಹಾಡಿ ಹೊಗಳಿದರೆಂಬುದರಲ್ಲಿ ಆಶ್ಚರ್ಯವೇನೂ ಇಲ್ಲ.

1954ರಲ್ಲಿ ಅಮೆರಿಕ ಮತ್ತೆ ಗೆದ್ದಿತು. ಸಿಡ್ನಿಯಲ್ಲಿ ನಡೆದ ಆ ಸ್ಪರ್ಧೆಯನ್ನು ನೋಡಲು ಒಂದು ದಿನ 25,578 ಜನ ಸೇರಿದ್ದರು. 1955ರಲ್ಲಿ ಹಾಪ್‌ಮನ್ನನ ತಂಡ ಕಪ್ಪನ್ನು ಮರಳಿ ಪಡೆಯಿತು.

ಅವನ ನಿಜವಾದ ಸಂಕಟ ಎದುರಾಳಿಗಳಿಂದ ಬಂದುದಲ್ಲ. ಆ ಕಾಲದಲ್ಲಿ ವಿಂಬಲ್ಡನ್ ಮೊದಲಾದ ಪಂದ್ಯಾವಳಿಗಳೂ ಡೇವಿಸ್ ಕಪ್ಪೂ ಹವ್ಯಾಸಿ ಆಟಗಾರರಿಗೆ ಮಾತ್ರ ಮೀಸಲು. ಆಟಕ್ಕಾಗಿ ಬಹಿರಂಗವಾಗಿ ಹಣ ಪಡೆದವನು ವೃತ್ತಿಪರನೆನಿಸಿ ಇವುಗಳಿಂದ ಹೊರಗಾಗುತ್ತಿದ್ದನು. ವೃತ್ತಿಪರರ ತಂಡವನ್ನು ಕಟ್ಟಿ ಊರೂರು ತಿರುಗಿ ಪಂದ್ಯಗಳನ್ನು ನಡೆಸುತ್ತಿದ್ದವನು ಬೇರಾರೂ ಅಲ್ಲ, 1939ರಲ್ಲಿ ಸೋತುಹೋಗಿದ್ದ ಜ್ಯಾಕ್ ಕ್ರೇಮರ್. ಹಾಪ್‌ಮನ್ ಒಬ್ಬನನ್ನು ತಯಾರು ಮಾಡಿ ಜಗದ್ವಿಖ್ಯಾತನನ್ನಾಗಿ ಮಾಡುವಷ್ಟರಲ್ಲಿ ಕ್ರೇಮರ್ ಅವನ ಮುಂದೆ ಹಣದ ಚೀಲವನ್ನು ತೆರೆದಿಡುತ್ತಿದ್ದನು. ಸೆಜ್‌ಮನ್, ಮ್ಯಾಕ್‌ಗ್ರೆಗರ್, ರೋಸ್‌ವಾಲ್, ಹೋಡ್, ಆಶ್ಲಿ ಕೂಪರ್, ಮಾಲ್ ಆಂಡರ್ಸನ್ ಒಬ್ಬರ ಹಿಂದೆ ಒಬ್ಬರು ಹೊರಟುಹೋದರು. 1962ರ ಬಳಿಕ ಲೇವರನೂ ಹೋದನು.

ಈ ವಿಷಯದಲ್ಲಿ ಹಾಪ್‌ಮನ್ನನ ನಿಲುವು ಪ್ರಶ್ನಾತೀತವಲ್ಲ. ಅವನು ವೃತ್ತಿಪರ ಟೆನಿಸ್ಸನ್ನು ವಿರೋಧಿಸಿದನು. 1951ರ ಕೊನೆಯಲ್ಲಿ ಸೆಜ್‌ಮನ್ ಹೊರಡುವನೆಂಬ ಸುದ್ದಿ ಹಬ್ಬಿದಾಗ, ಅವನ ಮದುವೆಯ ಉಡುಗೊರೆಯ ನೆಪದಲ್ಲಿ ಸಾರ್ವಜನಿಕರಿಂದ ಹಣ ಕೂಡಿಸಿ ಪೆಟ್ರೋಲ್ ಬಂಕೊಂದನ್ನು ಕೊಡಿಸಲಾಯಿತು. ಆ ಪ್ರಯತ್ನದಲ್ಲಿ ಹಾಪ್‌ಮನ್ನನೂ ಅವನ ಪತ್ರಿಕೆಯೂ ಮುಂದೆ ನಿಂತಿದ್ದವು. ಹಣ ಪಡೆದು ಆಡುವುದು ತಪ್ಪೆನ್ನುವವರು ಹಣ ಕೊಟ್ಟು ಹಿಡಿದಿಟ್ಟುಕೊಳ್ಳುವುದು ಸರಿಯೇ ಎಂದು ಕೇಳಿದವರಿಗೆ ಉತ್ತರಿಸುವುದು ಕಷ್ಟವಾಗಿತ್ತು. ಬಡ ಮನೆಯ ತರುಣನೊಬ್ಬನು ತನ್ನ ಕೌಶಲಕ್ಕೆ ತಕ್ಕ ಸಂಭಾವನೆಯನ್ನು ಬಯಸಿದರೆ ಅದು ಅಪರಾಧವಲ್ಲ. ಸೆಜ್‌ಮನ್ ಒಂದು ವರ್ಷ ನಿಂತು, ಆಮೇಲೆ ಹೊರಟೇ ಹೋದನು. ಹಾಪ್‌ಮನ್ ಮತ್ತೆ ಹುಡುಗರನ್ನು ಹುಡುಕತೊಡಗಿದನು. ಅವನ ದೊಡ್ಡತನ ಕಾಣುವುದು ಇಲ್ಲಿಯೇ. ಹೋದವರ ಜಾಗಕ್ಕೆ ನೀಲ್ ಫ್ರೇಸರ್, ರಾಯ್ ಎಮರ್ಸನ್, ಫ್ರೆಡ್ ಸ್ಟೋಲಿ, ಜಾನ್ ನ್ಯೂಕಂಬ್, ಟೋನಿ ರೋಚ್ ಎಂಬ ಹೊಸಬರು ಬಂದರು. 1959ರಿಂದ 1962ರವರೆಗೂ ಮತ್ತೆ 1964ರಿಂದ 1967ರವರೆಗೂ ಗೆಲುವು ಆಸ್ಟ್ರೇಲಿಯಾದ್ದೇ ಆಯಿತು.

1966ರ ಸವಾಲಿನ ಸುತ್ತು ಭಾರತೀಯರಿಗೆ ಮರೆಯಲಾಗದ್ದು. ಕಲ್ಕತ್ತೆಯಲ್ಲಿ ಬ್ರೆಜಿಲ್ ದೇಶವನ್ನು ಸೋಲಿಸಿ ಭಾರತ ಮೊಟ್ಟಮೊದಲ ಬಾರಿಗೆ ಅಂತಿಮ ಘಟ್ಟವನ್ನು ತಲಪಿತ್ತು. ಮೆಲ್ಬರ್ನ್ ನಗರದಲ್ಲಿ ಹಾಪ್‌ಮನ್ನನ ತಂಡವನ್ನು ಅದು ಎದುರಿಸಿತು. ಡಬಲ್ಸ್‌ನಲ್ಲಿ ಆಸ್ಟ್ರೇಲಿಯಾದ ಪರವಾಗಿ ನ್ಯೂಕಂಬ್ ಮತ್ತು ರೋಚ್ ಇಳಿದರು. ಅವರು ಹಿಂದಿನ ವರ್ಷ ವಿಂಬಲ್ಡನ್ ಡಬಲ್ಸ್ ಪ್ರಶಸ್ತಿ ಗೆದ್ದಿದ್ದ ಜೋಡಿ. ರಾಮನಾಥನ್ ಕೃಷ್ಣನ್ ಮತ್ತು ಜಯದೀಪ್ ಮುಖರ್ಜಿ ಅವರನ್ನೇ ಸೋಲಿಸಿದರು. ಉಳಿದ ನಾಲ್ಕು ಪಂದ್ಯಗಳನ್ನು ಗೆದ್ದು ಆಸ್ಟ್ರೇಲಿಯಾ ಕಪ್ಪನ್ನು ಉಳಿಸಿಕೊಂಡಿತಾದರೂ ಅಂದಿನ ಆಸ್ಟ್ರೇಲಿಯಾದ ಎದುರು ಅದರ ನೆಲದಲ್ಲಿಯೇ ಪಡೆದ ಆ ಒಂದು ಗೆಲುವು ಸಾಮಾನ್ಯವಾದುದಲ್ಲ.

ಮುಂದಿನ ದಿನಗಳು ಹಾಪ್‌ಮನ್ನನಿಗೆ ಸುಖದವಾಗಿರಲಿಲ್ಲ. 1968ರ ಜನವರಿಯಲ್ಲಿ ನೆಲ್ ತೀರಿಕೊಂಡಳು. ಅದೇ ವರ್ಷ ಆಸ್ಟ್ರೇಲಿಯಾ ಕಪ್ಪನ್ನು ಅಮೆರಿಕಕ್ಕೆ ಒಪ್ಪಿಸಿತು. ನ್ಯೂಕಂಬ್, ರೋಚ್ ಮೊದಲಾದವರೂ ವೃತ್ತಿಪರರಾಗಿ ಹೊರಟುಹೋಗಿದ್ದರು. 1969ರಲ್ಲಿ ಅವನು ನಾಯಕತ್ವವನ್ನು ಬಿಟ್ಟನು. ಅಷ್ಟರಲ್ಲಿ ಅವನ ನಾಯಕತ್ವದಲ್ಲಿ ಆಸ್ಟ್ರೇಲಿಯಾ 16 ಬಾರಿ ಡೇವಿಸ್ ಕಪ್ಪನ್ನು ಗೆದ್ದಿತ್ತು.

ಅರುವತ್ತು ದಾಟಿದ ಮೇಲೆ ಹುಟ್ಟಿದ ನಾಡನ್ನು ಬಿಟ್ಟು ಹೊಸ ಬಾಳನ್ನು ಆರಂಭಿಸುವವರು ವಿರಳ. ಹಾಪ್‌ಮನ್ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನ ಸಮೀಪದ ಪೋರ್ಟ್ ವಾಷಿಂಗ್ಟನ್ನಿನ ಟೆನಿಸ್ ಶಾಲೆಯಲ್ಲಿ ಶಿಕ್ಷಕನಾದನು. 1971ರಲ್ಲಿ ಲೂಸಿ ಎಂಬಾಕೆಯನ್ನು ವಿವಾಹವಾದನು. ಪೋರ್ಟ್ ವಾಷಿಂಗ್ಟನ್ನಿನಲ್ಲಿ ಅವನ ಕೈಕೆಳಗೆ ಕಲಿತ ಹುಡುಗರಲ್ಲಿ ವಿಟಾಸ್ ಗೆರುಲೈಟಿಸ್ ಮತ್ತು ಜಾನ್ ಮೆಕೆನ್ರೊ ಇದ್ದರು. ಶಿಸ್ತಿನ ಮೂರ್ತಿಯಾದ ಗುರುವಿಗೆ, ಅಂಗಣದಲ್ಲಿ ಸಿಟ್ಟಿಗೆ ಹೆಸರಾದ ಮೆಕೆನ್ರೊ ಶಿಷ್ಯನಾದದ್ದು ವಿಚಿತ್ರವೇ ಸರಿ. ಆದರೆ ಅಮೆರಿಕದ ಅನೇಕ ಹೆಸರಾಂತ ಆಟಗಾರರು ಡೇವಿಸ್ ಕಪ್ಪನ್ನು ಕಡೆಗಣಿಸಿದ ಕಾಲದಲ್ಲಿ, ದೇಶದ ಪರವಾಗಿ ಆಡಲು ತಪ್ಪದೆ ಮುಂದೆ ಬರುತ್ತಿದ್ದವನೂ ಈ ಮೆಕೆನ್ರೊನೇ. ಬಳಿಕ ಹಾಪ್‌ಮನ್ ಫ್ಲಾರಿಡಾ ಪ್ರಾಂತದಲ್ಲಿ ತನ್ನದೇ ಆದ ಶಾಲೆಯನ್ನು ನಡೆಸಿದನು. 1978ರಲ್ಲಿ ಅಂತರರಾಷ್ಟ್ರೀಯ ಟೆನಿಸ್ ಕೀರ್ತಿಭವನಕ್ಕೆ ಅವನ ಹೆಸರು ಸೇರಿತು. 1985ರ ಡಿಸೆಂಬರ್ 27ರಂದು, 79ನೆಯ ವಯಸ್ಸಿನಲ್ಲಿ, ಫ್ಲಾರಿಡಾದಲ್ಲಿಯೇ ಅವನು ನಿಧನನಾದನು.

ಮೂರು ವರ್ಷಗಳ ಅನಂತರ, 1988ರ ಡಿಸೆಂಬರ್ ಕೊನೆಯ ದಿನಗಳಲ್ಲಿ, ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿಯ ಪರ್ತ್ ನಗರದಲ್ಲಿ ಹಾಪ್‌ಮನ್ ಕಪ್ ಪಂದ್ಯಾವಳಿ ಆರಂಭವಾಯಿತು. ಇದನ್ನು ರೂಪಿಸಿದವರಲ್ಲಿ ಮುಖ್ಯನಾದವನು ಆಸ್ಟ್ರೇಲಿಯಾದ ಹಿಂದಿನ ಆಟಗಾರ ಪಾಲ್ ಮೆಕ್‌ನಮೀ. ಪ್ರತಿಯೊಂದು ದೇಶದಿಂದ ಒಬ್ಬ ಪುರುಷ, ಒಬ್ಬ ಮಹಿಳೆ. ಮಹಿಳೆಯರ ಸಿಂಗಲ್ಸ್ ಒಂದು, ಪುರುಷರ ಸಿಂಗಲ್ಸ್ ಒಂದು. ಕೊನೆಗೆ ಆ ಇಬ್ಬರೂ ಜೊತೆಗೂಡಿ ಆಡುವ ಮಿಶ್ರ ಡಬಲ್ಸ್. ಸಿಂಗಲ್ಸ್‌ನಲ್ಲಿ ಒಬ್ಬರು ಸೋತು ಒಬ್ಬರು ಗೆದ್ದರೆ ದೇಶದ ಭವಿಷ್ಯವೆಲ್ಲ ಆ ಮೂರನೆಯ ಪಂದ್ಯದ ಮೇಲೆಯೇ ನಿಲ್ಲುತ್ತದೆ. ಮಿಶ್ರ ಡಬಲ್ಸ್‌ನಲ್ಲಿ ಹೆಂಡತಿಯೊಡನೆ ನಾಲ್ಕು ಬಾರಿ ಗೆದ್ದವನ ಹೆಸರು, ಪುರುಷರ ತಂಡಗಳ ನಾಯಕನಾಗಿಯೇ ಲೋಕಕ್ಕೆ ಪರಿಚಿತನಾದವನ ಹೆಸರು, ಇಂತಹ ಪಂದ್ಯಾವಳಿಗೆ ಒಪ್ಪುವಂತಹುದೇ. ಮೊದಲ ವರ್ಷ ಚೆಕೊಸ್ಲೊವಾಕಿಯಾ ಗೆದ್ದಿತು. ಮುಂದೆ ಜರ್ಮನಿಗಾಗಿ ಸ್ಟೆಫಿ ಗ್ರಾಫ್ ಮತ್ತು ಮೈಕೆಲ್ ಸ್ಟಿಚ್, ಸ್ವಿಟ್ಜರ್ಲೆಂಡಿಗಾಗಿ ಮಾರ್ಟಿನಾ ಹಿಂಗಿಸ್ ಮತ್ತು ರೋಜರ್ ಫೆಡರರ್ ಇದನ್ನು ಗೆದ್ದುಕೊಂಡರು. 2007ರಲ್ಲಿ ಭಾರತದ ಪರವಾಗಿ ಪರ್ತ್ ಅಂಗಣದಲ್ಲಿ ಆಡಿದವರು ಸಾನಿಯಾ ಮಿರ್ಜಾ ಮತ್ತು ಕೊಡಗಿನ ರೋಹನ್ ಬೋಪಣ್ಣ.

ಹಾಪ್‌ಮನ್ನನ ಪತ್ನಿ ಲೂಸಿ ಅಮೆರಿಕದಿಂದ ಹೊರಟು, ಅರ್ಧ ಭೂಮಂಡಲವನ್ನು ಸುತ್ತಿ, ವರ್ಷವರ್ಷವೂ ಈ ಪಂದ್ಯಾವಳಿಗಾಗಿ ಪರ್ತ್ ನಗರಕ್ಕೆ ಬರುತ್ತಿದ್ದಳು. ಆಕೆ 2018ರಲ್ಲಿ ತೀರಿಕೊಂಡಳು. 2019ರ ಹೊಸವರ್ಷದ ದಿನ ಫೆಡರರ್ ಮತ್ತು ಅಮೆರಿಕದ ಸೆರೀನಾ ವಿಲಿಯಮ್ಸ್ ಮಿಶ್ರ ಡಬಲ್ಸ್‌ನಲ್ಲಿ ಎದುರುಬದುರಾಗಿ ನಿಂತಾಗ 14,064 ಜನ ಅದನ್ನು ನೋಡಿದರು. ಪರ್ತ್ ನಗರದಲ್ಲಿ ಪಂದ್ಯಾವಳಿ ಕಡೆಯದಾಗಿ ನಡೆದದ್ದು ಆ ವರ್ಷ. ನಾಲ್ಕು ವರ್ಷಗಳ ಬಳಿಕ, 2023ರ ಜುಲೈ ತಿಂಗಳಿನಲ್ಲಿ, ಅದು ಫ್ರಾನ್ಸಿನ ನೀಸ್ ನಗರದಲ್ಲಿ ಮತ್ತೆ ಆರಂಭವಾಯಿತು. ಕ್ರೊಯೇಷಿಯಾದ ಡೊನ್ನಾ ವೆಕಿಚ್ ಮತ್ತು ಬೋರ್ನಾ ಚೋರಿಚ್ ಕಪ್ಪನ್ನು ಎತ್ತಿ ಹಿಡಿದರು.